ಅಂಗಿಯ ಗುಂಡಿ, ಹೆಣದ ಗುಂಡಿ

ಅಮೆರಿಕದ ಮೇರಿಲ್ಯಾಂಡಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿರುವ ನಮ್ಮ ತಂಗಿಯ ಮಗ ಕುಟುಂಬದ ವಾಟ್ಸಾಪ್ ಗುಂಪಿಗೆ ಒಂದು ಫೋಟೋ ಹಾಕಿದ್ದ. ಅವನ ಹತ್ತು ವರ್ಷದ ಮಗ ಬೂದು ಬಣ್ಣದ ಸಿಪಾಯಿ ಟೋಪಿ ಇಟ್ಟುಕೊಂಡು, ಮರದ ಬಂದೂಕನ್ನು ಹೆಗಲಿಗೇರಿಸಿ, ಹಲ್ಲು ಕಿರಿದು ನಿಂತಿದ್ದಾನೆ. ಹಿಂದೆ ಹಸಿರು ಬಯಲು, ಗಿಡ್ಡನೆಯ ಕಲ್ಲಿನ ಗೋಡೆ, ಒಂದು ಪುಟ್ಟ ಬಿಳಿ ಮನೆ. ಮನೆಮಂದಿಯೆಲ್ಲ ‘ಮಾಷಾ ಅಲ್ಲಾ’ ಎಂದು ಬರೆದರು. ಕಥೆ ಬರೆಯುವವರ ಕೆಟ್ಟ ಚಾಳಿಯಂತೆ ನಾವು ಮಾತ್ರ, ‘ಹಿಂದಿರುವ ಆ ಮನೆ ಯಾರದು?’ ಎಂದು ಕೇಳಿದೆವು. ‘ಯಾವುದೋ ಹಳೆಯ ಫಾರ್ಮ್‌ಹೌಸ್ ಮಾಮೂ. ಅಲ್ಲೇ ಸ್ವಲ್ಪ ದೂರದಲ್ಲಿ ಸಿಪಾಯಿ ವೇಷದವರ ಡೇರೆಗಳಿದ್ದವು. ತೋಪು ಹಾರಿಸಿ ತೋರಿಸಿದರು. ಇವನಿಗೆ ಖುಷಿಯೋ ಖುಷಿ’ ಎಂಬ ಉತ್ತರ ಬಂತು.

ಈ ಲೇಖನಕ್ಕೆ ಆ ಉತ್ತರವೇ ಕಾರಣ. ಅವರು ಹೋಗಿದ್ದು ಪೆನ್ಸಿಲ್ವೇನಿಯಾದ ಗೆಟಿಸ್‌ಬರ್ಗ್‌ಗೆ. 1863ರ ಜುಲೈ 1ರಿಂದ 3ರವರೆಗೆ ಅಮೆರಿಕದ ಅಂತರ್ಯುದ್ಧದ ಅತ್ಯಂತ ರಕ್ತಸಿಕ್ತ ಕಾಳಗ ನಡೆದದ್ದು ಅಲ್ಲಿ. ಸತ್ತವರು, ಗಾಯಗೊಂಡವರು, ಸೆರೆಯಾದವರು, ಕಾಣೆಯಾದವರು ಎಲ್ಲ ಸೇರಿ ಸುಮಾರು 51,000 ಮಂದಿ. 1895ರಲ್ಲಿ ಆ ನೆಲವನ್ನು ರಾಷ್ಟ್ರೀಯ ಉದ್ಯಾನವೆಂದು ಘೋಷಿಸಿದರು. 1933ರಿಂದ ಅದು ನ್ಯಾಷನಲ್ ಪಾರ್ಕ್ ಸರ್ವಿಸ್‌ನ ಸುಪರ್ದಿಯಲ್ಲಿದೆ. ಅಲ್ಲಿ 1,300ಕ್ಕೂ ಹೆಚ್ಚು ಸ್ಮಾರಕಗಳಿವೆ. ಆದರೆ ಮಕ್ಕಳಿಗೆ ಕಲ್ಲಿನ ಸ್ಮಾರಕದಲ್ಲಿ ಏನು ಆಸಕ್ತಿ? ಅವರನ್ನು ಸೆಳೆಯುವುದು ‘ಲಿವಿಂಗ್ ಹಿಸ್ಟರಿ’, ಅಂದರೆ ಜೀವಂತ ಇತಿಹಾಸ ಎಂಬ ಹೆಸರಿನ ಕಾರ್ಯಕ್ರಮಗಳು. ವಸಂತದಿಂದ ಶರತ್ಕಾಲದವರೆಗೆ ವಾರಾಂತ್ಯಗಳಲ್ಲಿ ಹವ್ಯಾಸಿ ತಂಡಗಳು ಬಂದು ಬಯಲಿನಲ್ಲಿ ಡೇರೆ ಹೊಡೆಯುತ್ತವೆ. ಉಣ್ಣೆಯ ನೀಲಿ ಕೋಟು, ಬೂದು ಕೋಟು, ಅಂದಿನ ಮಾದರಿಯ ಬಂದೂಕು, ಕಲ್ಲಿನಂತೆ ಗಟ್ಟಿಯಾದ ಬಿಸ್ಕತ್ತು, ಕಟ್ಟಿಗೆಯ ಒಲೆ, ತಮಟೆ, ಕೊಳಲು ಎಲ್ಲವೂ ಇರುತ್ತವೆ. ಮದ್ದು ತುಂಬುವುದು ಹೇಗೆ, ಸಾಲುಗಟ್ಟಿ ಗುಂಡು ಹಾರಿಸುವುದು ಹೇಗೆ, ತೋಪಿಗೆ ಎಷ್ಟು ಆಳು ಬೇಕು ಎಂಬುದನ್ನು ಮಾಡಿ ತೋರಿಸುತ್ತಾರೆ. ಬಹುಪಾಲು ಜನ ಸಂಬಳವಿಲ್ಲದೆ, ತಮ್ಮ ಕೈಯಿಂದ ಹಣ ಹಾಕಿ ಬರುವವರು.

ಅವರನ್ನು ಗೇಲಿ ಮಾಡುವುದು ನಮ್ಮ ಉದ್ದೇಶವಲ್ಲ. ಜುಲೈ ತಿಂಗಳ ಸೆಕೆಯಲ್ಲಿ ಉಣ್ಣೆಯ ಕೋಟು ತೊಟ್ಟು ನಿಲ್ಲುವವನಿಗೆ ಪಠ್ಯಪುಸ್ತಕ ಹೇಳದ ಒಂದು ಸತ್ಯ ಮೈಯಿಂದಲೇ ತಿಳಿಯುತ್ತದೆ, ನೋಡುವವರಿಗೂ ಅಷ್ಟಿಷ್ಟು ದಾಟುತ್ತದೆ. ಇತಿಹಾಸವೆಂದರೆ ತಾರೀಖು ಮತ್ತು ದೊರೆಗಳ ಹೆಸರೆಂದು ಬಾಯಿಪಾಠ ಮಾಡಿಸಿಕೊಂಡು ಬೆಳೆದ ನಮ್ಮಂಥವರು ಇದನ್ನು ಕಂಡು ಅಸೂಯೆ ಪಡಬೇಕು. ನಮ್ಮ ತಕರಾರು ಬೇರೆ.

ಯುದ್ಧಭೂಮಿಯಲ್ಲಿ ಆಟವಾಡುವುದರ ಅಪಾಯ ಅಮೆರಿಕದವರಿಗೇ ಒಮ್ಮೆ ಅರಿವಾಗಿತ್ತು. 1961ರ ಜುಲೈನಲ್ಲಿ, ಅಂತರ್ಯುದ್ಧದ ಶತಮಾನೋತ್ಸವದ ನೆಪದಲ್ಲಿ, ವರ್ಜೀನಿಯಾದ ಮನಾಸಸ್ ರಣಭೂಮಿಯಲ್ಲಿ ಇಡೀ ಕಾಳಗವನ್ನೇ ಮತ್ತೆ ಆಡಿದರು. ಎರಡು ಸಾವಿರಕ್ಕೂ ಹೆಚ್ಚು ವೇಷಧಾರಿಗಳು, ಹತ್ತಾರು ಸಾವಿರ ಪ್ರೇಕ್ಷಕರು. ನಿಜವಾಗಿ ಹೆಣಗಳು ಉರುಳಿದ ನೆಲದ ಮೇಲೆ ಸುಳ್ಳು ಹೆಣಗಳು ಬಿದ್ದವು, ಆಟ ಮುಗಿದ ಮೇಲೆ ಎದ್ದು ಮೈಕೊಡವಿಕೊಂಡವು. ಇದೊಂದು ಸರ್ಕಸ್ಸು ಎಂಬ ಟೀಕೆ ಬಂತು. ಆ ಮುಜುಗರದ ಪಾಠದಿಂದ ಪಾರ್ಕ್ ಸರ್ವಿಸ್ ಒಂದು ನಿಯಮ ಮಾಡಿಕೊಂಡಿತು. ಅದು ಈಗಲೂ ಅದರ ಕೈಪಿಡಿಯಲ್ಲಿದೆ: ರಾಷ್ಟ್ರೀಯ ಉದ್ಯಾನದ ನೆಲದಲ್ಲಿ ಎದುರುಬದುರು ಸಾಲು ನಿಂತು ಗುಂಡು ಹಾರಿಸುವಂತಿಲ್ಲ, ಸತ್ತಂತೆ ನಟಿಸುವಂತಿಲ್ಲ, ಕೈಮಿಲಾಯಿಸುವ ಕಾದಾಟವಿಲ್ಲ. ನಿಜವಾದ ಯುದ್ಧದ ದುರಂತವನ್ನು ಯಾವ ನಟನೆಯೂ ತೋರಿಸಲಾರದು ಎಂಬುದು ಅವರು ಕೊಡುವ ಕಾರಣ. ಹಾಗಾಗಿ ದೊಡ್ಡ ಅಣಕು ಕಾಳಗಗಳು ಪಾರ್ಕಿನ ಬೇಲಿಯಾಚೆ, ಖಾಸಗಿ ಜಮೀನುಗಳಲ್ಲಿ ನಡೆಯುತ್ತವೆ.

ಇದು ಒಳ್ಳೆಯ ನಿಯಮ, ನಮಗೆ ಮೆಚ್ಚುಗೆಯಿದೆ. ಆದರೆ ಅದು ತಡೆದದ್ದು ಸುಳ್ಳು ಸಾವನ್ನು ಮಾತ್ರ. ಸುಳ್ಳು ಮುಗ್ಧತೆಯನ್ನು ತಡೆಯುವ ನಿಯಮ ಯಾರ ಕೈಪಿಡಿಯಲ್ಲೂ ಇಲ್ಲ.

ಈ ಹವ್ಯಾಸಿಗಳ ಪೈಕಿ ‘ಹೊಲಿಗೆ ಎಣಿಸುವವರು’ ಎಂದು ಕರೆಸಿಕೊಳ್ಳುವ ಒಂದು ವರ್ಗವಿದೆ. ಕೋಟಿನ ಗುಂಡಿ ಆ ಕಾಲದ್ದೇ? ಕಾಜದ ಹೊಲಿಗೆ ಕೈಯದೋ ಮಿಷನ್ನಿನದೋ? ಕನ್ನಡಕದ ಚೌಕಟ್ಟು ಯಾವ ಇಸವಿಯದು? ಇದರಲ್ಲಿ ತಪ್ಪಿದವನನ್ನು ಅವರು ಕಾಫಿರನಂತೆ ಕಾಣುತ್ತಾರೆ. (ನಮ್ಮಲ್ಲೂ ಪೈಜಾಮದ ಉದ್ದ ಅಳೆಯುವವರಿದ್ದಾರೆ, ಆದ್ದರಿಂದ ಈ ಜಾತಿ ನಮಗೆ ಹೊಸದಲ್ಲ.) ಈ ‘ನಿಖರತೆ’ ಎಷ್ಟು ನಿಖರವೆಂಬುದಕ್ಕೆ ಒಂದು ಪ್ರಸಂಗ ಸಾಕು. 1989ರಲ್ಲಿ ಆಂಟೀಟಮ್ ರಣಭೂಮಿಯ ಕಾರ್ಯಕ್ರಮವೊಂದರಲ್ಲಿ ಲಾರೆನ್ ಕುಕ್ ಬರ್ಜೆಸ್ ಎಂಬ ಮಹಿಳೆ ಗಂಡು ಸಿಪಾಯಿಯ ವೇಷದಲ್ಲಿ ಭಾಗವಹಿಸಿದ್ದರು. ಹೆಂಗಸರ ಶೌಚಾಲಯದಿಂದ ಹೊರಬರುವಾಗ ಸಿಕ್ಕಿಬಿದ್ದರು, ಹೆಣ್ಣು ಸಿಪಾಯಿಯಾಗುವುದು ಇತಿಹಾಸಕ್ಕೆ ಅಪಚಾರವೆಂದು ಪಾರ್ಕಿನವರು ಹೊರಹಾಕಿದರು. ಆಕೆ ಮೊಕದ್ದಮೆ ಹೂಡಿ 1993ರಲ್ಲಿ ಗೆದ್ದರು. ತಮಾಷೆಯೆಂದರೆ ಗಂಡುವೇಷ ತೊಟ್ಟ ನೂರಾರು ಹೆಂಗಸರು ಆ ಯುದ್ಧದಲ್ಲಿ ನಿಜವಾಗಿಯೇ ಹೋರಾಡಿದ್ದರು, ಆಂಟೀಟಮ್‌ನಲ್ಲೂ ಹೋರಾಡಿದ್ದರು. ಗುಂಡಿಯ ಇತಿಹಾಸ ಬಲ್ಲವರಿಗೆ ಗುಂಡಿಯ ಹಿಂದಿನ ಎದೆಯ ಇತಿಹಾಸ ಗೊತ್ತಿರಲಿಲ್ಲ.

ಇನ್ನು ನೀಲಿ ಮತ್ತು ಬೂದು. ನೋಡುವವರಿಗೆ ಎರಡು ಕ್ರಿಕೆಟ್ ತಂಡಗಳಂತೆ ಕಾಣುತ್ತವೆ. ಈ ಕಡೆಯ ಡೇರೆಯಲ್ಲೂ ಧೀರರು, ಆ ಕಡೆಯ ಡೇರೆಯಲ್ಲೂ ಧೀರರು. ಮಗು ಯಾವ ಟೋಪಿಯನ್ನಾದರೂ ಆರಿಸಿಕೊಳ್ಳಬಹುದು, ಊರಿನ ಅಂಗಡಿಯಲ್ಲಿ ಎರಡೂ ಸಿಗುತ್ತವೆ. ಒಂದು ಸೇನೆ ನಲವತ್ತು ಲಕ್ಷ ಮನುಷ್ಯರನ್ನು ದನಗಳಂತೆ ಮಾರುವ ಹಕ್ಕನ್ನು ಉಳಿಸಿಕೊಳ್ಳಲು ಹುಟ್ಟಿದ ಸರ್ಕಾರದ ಸೇನೆ ಎಂಬ ಸಂಗತಿ ಹೊಗೆಯಲ್ಲಿ ಕರಗಿಹೋಗುತ್ತದೆ. ಈ ಸಮಾನ ಶೌರ್ಯದ ಕಥನ ತಾನೇ ತಾನಾಗಿ ಹುಟ್ಟಿದ್ದಲ್ಲ. 1913ರಲ್ಲಿ, ಕಾಳಗದ ಐವತ್ತನೇ ವರ್ಷಕ್ಕೆ, ಎರಡೂ ಕಡೆಯ ಐವತ್ತು ಸಾವಿರಕ್ಕೂ ಮಿಕ್ಕಿದ ಮುದಿ ಸಿಪಾಯಿಗಳು ಗೆಟಿಸ್‌ಬರ್ಗ್‌ನಲ್ಲಿ ಸೇರಿ ಆ ಕಲ್ಲಿನ ಗೋಡೆಯ ಮೇಲೆ ಕೈಕುಲುಕಿದರು. ಅಧ್ಯಕ್ಷ ವುಡ್ರೋ ವಿಲ್ಸನ್ ಬಂದು, ಹಳೆಯ ಜಗಳ ಮರೆತುಹೋಯಿತು ಎಂಬರ್ಥದ ಭಾಷಣ ಮಾಡಿದರು. ಅದೇ ವರ್ಷ ಅದೇ ವಿಲ್ಸನ್ ಸರ್ಕಾರ ವಾಷಿಂಗ್ಟನ್ನಿನ ಕಚೇರಿಗಳಲ್ಲಿ ಕಪ್ಪು ನೌಕರರನ್ನು ಬೇರೆ ಕೂರಿಸಲು ಶುರುಮಾಡಿತ್ತು. ಬಿಳಿಯರು ಬಿಳಿಯರನ್ನು ಕ್ಷಮಿಸಿದರು, ಅದರ ಖರ್ಚು ಕಪ್ಪು ಜನರ ಲೆಕ್ಕಕ್ಕೆ ಬಿತ್ತು. 1961ರ ಏಪ್ರಿಲ್‌ನಲ್ಲಿ, ಶತಮಾನೋತ್ಸವದ ರಾಷ್ಟ್ರೀಯ ಸಭೆ ಚಾರ್ಲ್ಸ್‌ಟನ್ನಿನಲ್ಲಿ ಸೇರಿದಾಗ, ನ್ಯೂಜೆರ್ಸಿಯ ಪ್ರತಿನಿಧಿ ಮ್ಯಾಡಲಿನ್ ವಿಲಿಯಮ್ಸ್ ಅವರಿಗೆ ಕಪ್ಪು ಮಹಿಳೆ ಎಂಬ ಕಾರಣಕ್ಕೆ ಹೋಟೆಲಿನಲ್ಲಿ ಕೋಣೆ ಸಿಗಲಿಲ್ಲ. ಗುಲಾಮಗಿರಿ ಕೊನೆಗೊಳಿಸಿದ ಯುದ್ಧದ ನೂರನೇ ವರ್ಷದ ಸಂಭ್ರಮ ಅದು! ಅಧ್ಯಕ್ಷ ಕೆನಡಿಯೇ ನಡುವೆ ಬಂದು, ಸಭೆ ನೌಕಾನೆಲೆಗೆ ಸ್ಥಳಾಂತರವಾಯಿತು.

ನಮ್ಮ ಉತ್ತರ ಕರ್ನಾಟಕದ ಹಳ್ಳಿಗಳಲ್ಲೂ ಒಂದು ಕಾಳಗ ವರ್ಷಕ್ಕೊಮ್ಮೆ ಜೀವ ತಳೆಯುತ್ತದೆ. ಮೊಹರಂನಲ್ಲಿ ರಿವಾಯತ್ ಹಾಡುವವರು, ಅಲಾವಿ ಕುಣಿಯುವವರು ಅನೇಕ ಕಡೆ ಹಿಂದೂಗಳೇ. ಇದು ಧರ್ಮಸಮ್ಮತವೋ ಅಲ್ಲವೋ ಎಂಬ ಉಲೇಮಾಗಳ ತಗಾದೆ ಇಲ್ಲಿ ಬೇಡ. ಆದರೆ ಕರ್ಬಲಾದ ಹಾಡು ಹೇಳುವ ಕಲಬುರ್ಗಿಯ ಒಕ್ಕಲಿಗನಿಗೂ ನೀರು ತಡೆದವನಾರು, ಬಾಯಾರಿ ಸತ್ತವರಾರು ಎಂಬುದರಲ್ಲಿ ಗೊಂದಲವಿಲ್ಲ. ಇರಾನಿನ ತಾಜಿಯಾ ನಾಟಕಗಳಲ್ಲಿ ಶಿಮ್ರ್‌ನ ಪಾತ್ರ ಹಾಕಿದವನು ಕತ್ತಿಯೆತ್ತುತ್ತ ತಾನೇ ಅಳುವುದುಂಟು. ಯಜೀದನ ಸಿಪಾಯಿಗಳೂ ತಮ್ಮ ನಂಬಿಕೆಗಾಗಿ ಹೋರಾಡಿದ ಧೀರರೇ ಎಂದು ಯಾರಾದರೂ ಡೇರೆ ಹಾಕಿ ಬಿಸ್ಕತ್ತು ಹಂಚಿದರೆ ಏನಾಗಬಹುದು, ಓದುಗರೇ ಊಹಿಸಲಿ.

ಈಗ ಆ ಬಿಳಿ ಮನೆಯ ವಿಷಯ.

ಅದು ಅಬ್ರಹಾಂ ಬ್ರಯನ್ ಎಂಬ ಕಪ್ಪು ರೈತನ ಮನೆ. ಅವನು ಗುಲಾಮನಲ್ಲ, ಸ್ವತಂತ್ರ ಮನುಷ್ಯ. 1857ರಲ್ಲಿ ಸೆಮೆಟರಿ ರಿಡ್ಜ್ ಎಂಬ ದಿಣ್ಣೆಯ ಮೇಲೆ ಹನ್ನೆರಡು ಎಕರೆ ಕೊಂಡು ಬೇಸಾಯ ಮಾಡಿಕೊಂಡಿದ್ದ. 1863ರ ಜೂನ್‌ನಲ್ಲಿ ಜನರಲ್ ಲೀಯ ದಕ್ಷಿಣದ ಸೇನೆ ಪೆನ್ಸಿಲ್ವೇನಿಯಾಕ್ಕೆ ನುಗ್ಗಿದಾಗ ಬ್ರಯನ್ ಕುಟುಂಬ ಸಮೇತ ಓಡಿಹೋದ. ಯಾಕೆ ಓಡಿದ? ಎಲ್ಲ ರೈತರೂ ಹೆದರಿದ್ದರು, ಆದರೆ ಬಿಳಿಯ ರೈತ ಹೆದರಿದ್ದು ಕುದುರೆಗೆ, ಧಾನ್ಯಕ್ಕೆ. ಬ್ರಯನ್ ಹೆದರಿದ್ದು ತನ್ನ ಮಕ್ಕಳಿಗೆ. ಚೇಂಬರ್ಸ್‌ಬರ್ಗ್, ಮರ್ಸರ್ಸ್‌ಬರ್ಗ್, ಗ್ರೀನ್‌ಕ್ಯಾಸಲ್ ಊರುಗಳಲ್ಲಿ ಆ ಸೇನೆಯ ತುಕಡಿಗಳು ಕಪ್ಪು ಗಂಡಸರು, ಹೆಂಗಸರು, ಮಕ್ಕಳನ್ನು ಹಿಡಿದು ದಕ್ಷಿಣಕ್ಕೆ ಅಟ್ಟಿದವು. ತಪ್ಪಿಸಿಕೊಂಡು ಬಂದವರೋ, ಹುಟ್ಟಿನಿಂದ ಸ್ವತಂತ್ರರೋ ಎಂದು ವಿಚಾರಿಸುವ ವ್ಯವಧಾನ ಅವರಿಗಿರಲಿಲ್ಲ. ಹೀಗೆ ಹೋದವರು ನೂರಾರು ಮಂದಿ. ಅದೇ ಸೇನೆಯ ಜತೆ ಅಡುಗೆಗೆ, ಬಂಡಿ ಹೊಡೆಯಲು, ಬಟ್ಟೆ ಒಗೆಯಲು ಸಾವಿರಾರು ಗುಲಾಮರೂ ಬಂದಿದ್ದರು. ಬೂದು ಕೋಟಿನವರ ಡೇರೆಯ ಮುಂದೆ ಇಂದು ಕುದಿಯುವ ಕಾಫಿಯನ್ನು ವೇಷಧಾರಿ ಸಿಪಾಯಿಯೇ ಕಾಯಿಸಿಕೊಳ್ಳುತ್ತಾನೆ. ಅಂದು ಎಷ್ಟೋ ಡೇರೆಗಳ ಮುಂದೆ ಕಾಯಿಸುತ್ತಿದ್ದವನು ಬೇರೆ. ಕೆಟಲ್ ಅಸಲಿ, ಕಾಫಿ ಅಸಲಿ, ಮನುಷ್ಯ ನಾಪತ್ತೆ. ಇದು ಯಾವ ಸೀಮೆಯ ನಿಖರತೆ?

ಯುದ್ಧ ಮುಗಿದ ಮೇಲೆ ಬ್ರಯನ್ ಹಿಂದಿರುಗಿದ. ಮನೆ ಗುಂಡೇಟಿನಿಂದ ಜರಡಿಯಾಗಿತ್ತು, ಬೆಳೆ ನೆಲಕಚ್ಚಿತ್ತು, ಹೊಲದಲ್ಲಿ ಗೋರಿಗಳಿದ್ದವು. ಸರ್ಕಾರಕ್ಕೆ 1,028 ಡಾಲರ್ ನಷ್ಟದ ಅರ್ಜಿ ಹಾಕಿದ. ಸಿಕ್ಕಿದ್ದು 15 ಡಾಲರ್.

ಇನ್ನೊಬ್ಬನಿದ್ದ, ಬೇಸಿಲ್ ಬಿಗ್ಸ್. ಮಕ್ಕಳ ಓದಿಗಾಗಿ 1858ರಲ್ಲಿ ಮೇರಿಲ್ಯಾಂಡ್ ಬಿಟ್ಟು ಗೆಟಿಸ್‌ಬರ್ಗ್‌ಗೆ ಬಂದ ಕಪ್ಪು ಗೇಣಿದಾರ. ಕಾಳಗದ ನಂತರ ಹೊಲಗದ್ದೆಗಳಲ್ಲಿ ಮೇಲುಮೇಲೆ ಮಣ್ಣು ಎಳೆದಿದ್ದ ಒಕ್ಕೂಟ ಸೇನೆಯ ಹೆಣಗಳನ್ನು ಅಗೆದು ತೆಗೆದು ಹೊಸ ರಾಷ್ಟ್ರೀಯ ಸ್ಮಶಾನದಲ್ಲಿ ಹೂಳಬೇಕಾಗಿತ್ತು. ಗುತ್ತಿಗೆ ಹಿಡಿದ ಬಿಳಿಯ ಗುತ್ತಿಗೆದಾರನ ದರ ಹೆಣವೊಂದಕ್ಕೆ 1.59 ಡಾಲರ್. ಅಗೆಯುವ ಕೆಲಸ ಬಿದ್ದದ್ದು ಬಿಗ್ಸ್ ಮತ್ತು ಅವನ ಕಪ್ಪು ಕೂಲಿಗಳ ಮೇಲೆ. ನಾಲ್ಕು ತಿಂಗಳ ಹಳೆಯ ಹೆಣಗಳು. ಜೇಬು ತಡಕಿ ಕಾಗದ, ಬೈಬಲ್ಲು, ಫೋಟೋ ಹುಡುಕಿ, ಇದು ಯಾರು, ಯಾವ ರಾಜ್ಯದವನು ಎಂದು ಗುರುತಿಸಬೇಕು. ಒಳಉಡುಪು, ಬೂಟು ನೋಡಿ ನಮ್ಮವನೋ ಶತ್ರುವೋ ಎಂದು ವಿಂಗಡಿಸಬೇಕು. ಅಂದು ಅಂಗಿಯ ಗುಂಡಿಗೆ ಅರ್ಥವಿದ್ದದ್ದು ಅಲ್ಲಿ. 1863ರ ಅಕ್ಟೋಬರ್ ಕೊನೆಯಿಂದ 1864ರ ಮಾರ್ಚ್‌ವರೆಗೆ 3,354 ಹೆಣಗಳು ಹೀಗೆ ಸಾಗಿದವು. ಅಂದರೆ 1863ರ ನವೆಂಬರ್ 19ರಂದು ಲಿಂಕನ್ ಅದೇ ಸ್ಮಶಾನದಲ್ಲಿ ನಿಂತು ಜಗತ್ತು ಮರೆಯದ ಪುಟ್ಟ ಭಾಷಣ ಮಾಡಿದಾಗ ಈ ಕೆಲಸ ಇನ್ನೂ ಅರ್ಧವೂ ಆಗಿರಲಿಲ್ಲ. ಆ ಯುದ್ಧದಲ್ಲಿ ಸುಮಾರು 1,80,000 ಕಪ್ಪು ಸಿಪಾಯಿಗಳು ಒಕ್ಕೂಟದ ಪರ ಹೋರಾಡಿದರು. ಆದರೆ ಗೆಟಿಸ್‌ಬರ್ಗ್‌ನ ಕಪ್ಪು ಸಿಪಾಯಿಗಳಲ್ಲಿ ಬಹುತೇಕರು ಮಣ್ಣಾದದ್ದು ಬಿಗ್ಸ್‌ನ ಗುದ್ದಲಿ ಕಟ್ಟಿದ ಆ ಸ್ಮಶಾನದಲ್ಲಿ ಅಲ್ಲ. ಅವರಿಗಾಗಿ ಅವರ ಜನರೇ 1867ರಲ್ಲಿ ಬೇರೆ ಸ್ಮಶಾನ ಮಾಡಿಕೊಳ್ಳಬೇಕಾಯಿತು. ಇನ್ನೊಂದು ಸ್ವಾರಸ್ಯ: ಪ್ರವಾಸಿಗರು ಇಂದು ಮುಗಿಬಿದ್ದು ನೋಡುವ, ದಕ್ಷಿಣದವರ ಕೊನೆಯ ದಾಳಿಯ ಗುರಿಯಾಗಿದ್ದ ಮರಗಳ ಗುಂಪು ಯುದ್ಧಾನಂತರ ಬಿಗ್ಸ್‌ನ ಜಮೀನಿನಲ್ಲಿತ್ತು. ಅವನು ಕಡಿಯಲು ಹೊರಟಿದ್ದ, ಜಾನ್ ಬ್ಯಾಚೆಲ್ಡರ್ ಎಂಬ ಇತಿಹಾಸಕಾರ ಬೇಡಿ ತಡೆದ. ಮರ ಕಡಿಯದೆ ಉಳಿಸಿದವನ ಹೆಸರು ಎಷ್ಟು ಜನಕ್ಕೆ ಗೊತ್ತು?

ಪಾರ್ಕಿನ ನೌಕರರು ಇದನ್ನೆಲ್ಲ ಹೇಳುವುದೇ ಇಲ್ಲವೆಂದರೆ ಅನ್ಯಾಯವಾದೀತು. 1999ರಲ್ಲಿ ಕಾಂಗ್ರೆಸ್ ಸದಸ್ಯ ಜೆಸ್ಸಿ ಜಾಕ್ಸನ್ ಜೂನಿಯರ್ ಒತ್ತಾಯದಿಂದ, ರಣಭೂಮಿಗಳಲ್ಲಿ ಗುಲಾಮಗಿರಿಯ ಪಾತ್ರವನ್ನೂ ವಿವರಿಸಬೇಕೆಂಬ ನಿರ್ದೇಶನ ಬಂತು. 2008ರಲ್ಲಿ ತೆರೆದ ಗೆಟಿಸ್‌ಬರ್ಗ್‌ನ ಹೊಸ ವಸ್ತುಸಂಗ್ರಹಾಲಯ ಯುದ್ಧದ ಕಾರಣವನ್ನು ನೇರವಾಗಿಯೇ ಹೇಳುತ್ತದೆ. ಆದರೆ ಫಲಕ ಓದುವವರು ಎಷ್ಟು, ತೋಪಿನ ಸದ್ದಿಗೆ ಓಡುವವರು ಎಷ್ಟು? ಸತ್ಯವನ್ನು ಗೋಡೆಗೆ ಅಂಟಿಸಿ, ಬಯಲನ್ನು ಮದ್ದಿನ ಹೊಗೆಗೆ ಬಿಟ್ಟುಕೊಟ್ಟರೆ ಮಗುವಿನ ಮನಸ್ಸಿನಲ್ಲಿ ಯಾವುದು ಉಳಿಯುತ್ತದೆ ಎಂಬುದಕ್ಕೆ ನಮ್ಮ ಮನೆಯ ಫೋಟೋವೇ ಸಾಕ್ಷಿ.

ಹವ್ಯಾಸಿಗಳು ಒಂದು ಸವಾಲು ಹಾಕುತ್ತಾರೆ: ಸಂಬಳವಿಲ್ಲದೆ ಬರುವವರಿಗೆ ಗುಲಾಮನ ಪಾತ್ರ ಮಾಡೆಂದು ಹೇಳಲಾದೀತೆ? ಯಾರು ಬರುತ್ತಾರೆ? ಸವಾಲು ಹಗುರವಲ್ಲ. 1994ರ ಅಕ್ಟೋಬರ್‌ನಲ್ಲಿ ವರ್ಜೀನಿಯಾದ ಕಲೋನಿಯಲ್ ವಿಲಿಯಮ್ಸ್‌ಬರ್ಗ್‌ನಲ್ಲಿ ಗುಲಾಮರ ಹರಾಜನ್ನು ಆಡಿ ತೋರಿಸಿದಾಗ ಕಪ್ಪು ಸಂಘಟನೆಗಳೇ ಬಂದು ಪ್ರತಿಭಟಿಸಿದವು, ನಮ್ಮ ನೋವು ಪ್ರವಾಸಿಗರ ಮನರಂಜನೆಯಾಗುತ್ತದೆ ಎಂದವು. ಆ ಕಾರ್ಯಕ್ರಮದ ಹೊಣೆ ಹೊತ್ತಿದ್ದ ಕ್ರಿಸ್ಟಿ ಕೋಲ್ಮನ್ ಸ್ವತಃ ಕಪ್ಪು ಮಹಿಳೆ, ಅಂದು ಮಾರಾಟವಾದ ಬಸುರಿಯ ಪಾತ್ರ ಮಾಡಿದವರೂ ಅವರೇ. ಪ್ರತಿಭಟಿಸಲು ಬಂದ ನಾಯಕರೊಬ್ಬರು ನೋಡಿ ಮುಗಿದ ಮೇಲೆ ತಮ್ಮ ಅಭಿಪ್ರಾಯ ಬದಲಾಯಿತೆಂದರು. ನಮಗೆ ಎರಡೂ ಕಡೆಯ ಮಾತು ಅರ್ಥವಾಗುತ್ತದೆ. ಆದರೆ ಹರಾಜನ್ನೇ ಆಡಬೇಕೆಂದು ನಾವು ಕೇಳುತ್ತಿಲ್ಲ. ಒಂದು ವಾರಾಂತ್ಯ ತೋಪನ್ನು ಮೂಲೆಗಿಟ್ಟು ಗುದ್ದಲಿ ಹಿಡಿಯಿರಿ. ಬಿಗ್ಸ್‌ನ ಕೂಲಿಗಳಂತೆ ನೆಲ ಅಗೆದು ತೋರಿಸಿ, ಪೆಟ್ಟಿಗೆ ಹೊತ್ತು ತೋರಿಸಿ, ಸತ್ತವನ ಜೇಬಿನ ಕಾಗದವನ್ನು ನಿಧಾನವಾಗಿ ಬಿಡಿಸಿ ತೋರಿಸಿ. ಅದರಲ್ಲಿ ಯಾರಿಗೂ ಅವಮಾನವಿಲ್ಲ. ಬಿಳಿಯ ಹವ್ಯಾಸಿಯೂ ಪಕ್ಕದಲ್ಲಿ ನಿಂತು ಹೆಣದ ಲೆಕ್ಕ ಬರೆಯಬಹುದು, ಅಂದು ಬರೆದವರು ಅವರೇ.

‘ನಿಮಗ್ಯಾಕೆ ದೂರದ ಅಮೆರಿಕದ ಉಸಾಬರಿ?’ ಎಂದು ಓದುಗರು ಕೇಳಬಹುದು. ಅಷ್ಟು ದೂರದ್ದೇನೂ ಅಲ್ಲ. ಆ ಯುದ್ಧದಿಂದ ದಕ್ಷಿಣದ ಹತ್ತಿ ನಿಂತುಹೋದಾಗ ಮ್ಯಾಂಚೆಸ್ಟರಿನ ಗಿರಣಿಗಳ ಕಣ್ಣು ಬಿದ್ದದ್ದು ನಮ್ಮ ಧಾರವಾಡದ ಮೇಲೆ. ಅದಕ್ಕೂ ಮೊದಲು, 1840ರ ದಶಕದಲ್ಲೇ, ಕಂಪನಿ ಸರ್ಕಾರ ಅಮೆರಿಕದ ದಕ್ಷಿಣದಿಂದ ಹತ್ತಿ ಬೆಳೆಗಾರರನ್ನು ಕರೆಸಿ ಆ ಸೀಮೆಯ ಕಪ್ಪು ನೆಲದಲ್ಲಿ ನ್ಯೂ ಆರ್ಲಿಯನ್ಸ್ ಬೀಜ ಬಿತ್ತಿಸಿತ್ತು. ಗುಲಾಮರ ಬೆನ್ನ ಮೇಲೆ ಕಲಿತ ಬೇಸಾಯದ ಪಾಠ ನಮ್ಮ ರೈತನಿಗೆ ಹಾಗೆ ಬಂತು. ಆ ಹತ್ತಿಯನ್ನು ಹಡಗಿಗೇರಿಸಲು ಕಾರವಾರ ಬಂದರು ಬೇಕಾಯಿತು. 1862ರಲ್ಲಿ ಉತ್ತರ ಕನ್ನಡವನ್ನು ಮದ್ರಾಸಿನಿಂದ ಕಿತ್ತು ಮುಂಬಯಿ ಪ್ರಾಂತ್ಯಕ್ಕೆ ಸೇರಿಸಿದ್ದರ ಹಿಂದೆ ಈ ಲೆಕ್ಕಾಚಾರವಿತ್ತು. 1865ರಲ್ಲಿ ಯುದ್ಧ ಮುಗಿಯಿತು, ಬೆಲೆ ಕುಸಿಯಿತು, ಸಾಲ ಮಾಡಿ ಬಿತ್ತಿದವನು ಕೆಟ್ಟ.

ಇನ್ನೂ ಹತ್ತಿರದ ಕೊಂಡಿಯೊಂದಿದೆ. ಬೋರ್ನು ರಾಜ್ಯದ ಮುಸ್ಲಿಮ್ ಮನೆತನದಲ್ಲಿ ಹುಟ್ಟಿದ ಮುಹಮ್ಮದ್ ಅಲಿ ಬಿನ್ ಸಯೀದ್ 1863ರಲ್ಲಿ ಮ್ಯಾಸಚೂಸೆಟ್ಸ್‌ನ 55ನೇ ಕಪ್ಪು ಪಡೆಗೆ ಸೇರಿ ಸಾರ್ಜೆಂಟ್ ಆದ. ಬಿಳಿಯರಿಗಿಂತ ಕಡಿಮೆ ಸಂಬಳ ಕೊಟ್ಟಾಗ ವರ್ಷಕ್ಕೂ ಮೀರಿ ಸಂಬಳವನ್ನೇ ಮುಟ್ಟದೆ ಹಟ ಹಿಡಿದ ಪಡೆ ಅದು. ಹಲವು ಭಾಷೆ ಬಲ್ಲ ಈ ಮನುಷ್ಯನ ಆತ್ಮಕಥೆ 1873ರಲ್ಲಿ ಪ್ರಕಟವಾಯಿತು. ಮುಸ್ಲಿಮ್ ಸಭೆಗಳಲ್ಲಿ ಇವನ ಹೆಸರೆತ್ತಿ ಹೆಮ್ಮೆಪಡುವುದು ಸುಲಭ. ಪೂರ್ತಿ ಹೇಳುವುದಾದರೆ, ಬಾಲಕ ಸಯೀದನನ್ನು ಹಿಡಿದು ಮಾರಿದವರೂ ಮುಸ್ಲಿಮರೇ, ಕೊಂಡವರೂ ಮುಸ್ಲಿಮರೇ. ಮುಂದೆ ರಷ್ಯದಲ್ಲಿ ಅವನು ಕ್ರೈಸ್ತನಾದ, ನಿಕೊಲಸ್ ಆದ. ಇಷ್ಟನ್ನೂ ಹೇಳದೆ ಅವನನ್ನು ನಮ್ಮ ಪಟ್ಟಿಗೆ ಸೇರಿಸಿಕೊಂಡರೆ ನಾವೂ ಹೊಲಿಗೆ ಎಣಿಸುವವರೇ. ಶ್ರೀರಂಗಪಟ್ಟಣದ ಮಾತೂ ಅಷ್ಟೇ. ಅಲ್ಲಿ 1907ರಲ್ಲಿ ನಿಲ್ಲಿಸಿದ ಸ್ತಂಭ ಮುತ್ತಿಗೆಯಲ್ಲಿ ಮಡಿದ ಕಂಪನಿ ಸೇನೆಯವರ ನೆನಪಿಗೆ, ಕೋಟೆಯೊಳಗೆ ಸತ್ತ ಸಾವಿರಾರು ಸಿಪಾಯಿಗಳಿಗೆ ಅಂಥದ್ದಿಲ್ಲ. ಇದನ್ನು ಕೇಳುವ ಹಕ್ಕು ನಮಗಿದೆ. ದರಿಯಾ ದೌಲತ್‌ನ ಗೋಡೆಯ ಮೇಲೆ ಪೊಳ್ಳಿಲೂರಿನ ಗೆಲುವು ನೋಡಿ ಎದೆಯುಬ್ಬಿಸುವ ನಮ್ಮ ಹುಡುಗರಿಗೆ, ಕೊಡಗಿನಿಂದ ಸೆರೆಹಿಡಿದು ಇದೇ ಪಟ್ಟಣಕ್ಕೆ ತಂದವರ ಕಥೆಯನ್ನೂ ಹೇಳಿದರೆ ಮಾತ್ರ.

ಗೆಟಿಸ್‌ಬರ್ಗ್‌ನ ತುರ್ತು ಈಗ ಹೆಚ್ಚಿದೆ. 2025ರ ಮಾರ್ಚ್‌ನಲ್ಲಿ ಅಧ್ಯಕ್ಷ ಟ್ರಂಪ್ ಹೊರಡಿಸಿದ ಆದೇಶವೊಂದು ಅಮೆರಿಕದ ಹಿಂದಿನವರನ್ನು ಹೀಗಳೆಯುವ ವಿವರಣೆಗಳನ್ನು ಸರ್ಕಾರಿ ಸ್ಥಳಗಳಿಂದ ತೆಗೆಯಬೇಕೆಂದಿತು. ಅದೇ ಜೂನ್‌ನಲ್ಲಿ ರಾಷ್ಟ್ರೀಯ ಉದ್ಯಾನಗಳಲ್ಲಿ ಫಲಕಗಳು ಎದ್ದವು: ಅಂಥ ವಿವರಣೆ ಕಂಡರೆ ವರದಿ ಮಾಡಿ ಎಂದು ಪ್ರವಾಸಿಗರಿಗೆ ಕೋರಿಕೆ. ಚಾಡಿ ಹೇಳಲು ಸರ್ಕಾರವೇ ಕೊಟ್ಟ ಆಹ್ವಾನವಿದು. ಗುಲಾಮಗಿರಿಯ ವಿವರಣೆ ಇರುವುದು ಫಲಕದಲ್ಲಿ, ಫಲಕ ಕಳಚುವುದು ಸುಲಭ. ಕೋಟು, ಬಂದೂಕು, ತೋಪುಗಳ ಮೇಲೆ ಯಾರೂ ದೂರು ಕೊಡುವುದಿಲ್ಲ. ಅವು ಯಾರನ್ನೂ ಹೀಗಳೆಯುವುದಿಲ್ಲವಲ್ಲ.

ಇದನ್ನೆಲ್ಲ ತಂಗಿಯ ಮಗನಿಗೆ ಫೋನಿನಲ್ಲಿ ಹೇಳಿದೆವು. ಅವನು ಸ್ವಲ್ಪ ಮುಜುಗರದಿಂದ, ‘ಟೋಪಿ ಹನ್ನೆರಡು ಡಾಲರ್ ಮಾಮೂ, ನೀಲಿ ಖಾಲಿಯಾಗಿತ್ತು’ ಎಂದ. ಅಷ್ಟರಲ್ಲಿ ಹುಡುಗ ಫೋನು ಕಿತ್ತುಕೊಂಡ. ಪಕ್ಕದಲ್ಲಿ ಕೂತು ಎಲ್ಲ ಕೇಳಿಸಿಕೊಂಡಿದ್ದನಂತೆ. 3,354 ಇಂಟು 1.59 ಎಂದು ಕಾಗದದಲ್ಲಿ ಲೆಕ್ಕ ಹಾಕಿದ್ದ: 5,332 ಡಾಲರ್ 86 ಸೆಂಟ್.

‘ಅಷ್ಟೂ ಮಿಸ್ಟರ್ ಬಿಗ್ಸ್‌ಗೆ ಸಿಕ್ಕಿತಾ ನಾನಾ?’ ಎಂದು ಕೇಳಿದ.

ಇಲ್ಲ ಬೇಟಾ, ಗುತ್ತಿಗೆ ಬೇರೆಯವನ ಹೆಸರಿನಲ್ಲಿತ್ತು ಎಂದೆವು.